ಮಂಗಳೂರಿನ ಕಾನ್ವೆಂಟ್ ಶಾಲೆಯ ಚರಿತ್ರೆ: ಒಂದು ವಿಮರ್ಶೆ

ನಮ್ಮ ವಿದ್ಯಾಸಂಸ್ಥೆಗಳ ಚರಿತ್ರೆ ಬಹುಮಟ್ಟಿಗೆ ಉತ್ಸವಗಳ ಕೂಸು. ರಜತೋತ್ಸವ, ಸುವರ್ಣೋತ್ಸವ, ಶತಮಾನೋತ್ಸವಗಳು ಒದಗಿದಾಗ ಸಮಿತಿಯೊಂದು ಏರ್ಪಡುತ್ತದೆ, ಹಣ ಕೂಡುತ್ತದೆ, ಸ್ಮರಣಸಂಚಿಕೆಯೊಂದು ಅಚ್ಚಾಗುತ್ತದೆ. ಅದರಲ್ಲಿ ಮೊದಲು ಗಣ್ಯರ ಸಂದೇಶಗಳು, ಅನಂತರ ಭಾವಚಿತ್ರಗಳು, ಅದಾದ ಮೇಲೆ ಸಂಸ್ಥೆ ನಡೆದುಬಂದ ದಾರಿಯನ್ನು ಕುರಿತ ಒಂದು ಲೇಖನ. ಮುಂದಿನ ಇಪ್ಪತ್ತೈದು ವರ್ಷಗಳ ಕಾಲ ಆ ಲೇಖನವೇ ಸಂಸ್ಥೆಯ ಅಧಿಕೃತ ಚರಿತ್ರೆಯಾಗಿ ನಿಲ್ಲುತ್ತದೆ. ಮರುಉತ್ಸವದ ಲೇಖಕರು ಅದನ್ನೇ ಎತ್ತಿ ಬರೆದು ಕೊನೆಗೆ ಎರಡು ಪುಟಗಳನ್ನು ಸೇರಿಸುತ್ತಾರೆ. ಇಂತಹ ಬರವಣಿಗೆಗೆ ಪ್ರೇರಣೆ ಕೃತಜ್ಞತೆ. ಕೃತಜ್ಞತೆಯನ್ನು ದೂಷಿಸುವುದು ಯಾರಿಗೂ ಶೋಭಿಸದು. ಆದರೆ ಅದನ್ನೇ ಪ್ರಮಾಣವೆಂದು ಹಿಡಿದರೆ ಚರಿತ್ರೆಯಲ್ಲಿ ಉಪಕಾರಮಾಡಿದವರು ಮಾತ್ರ ಉಳಿಯುತ್ತಾರೆ, ಉಪಕಾರ ಪಡೆದವರೆಲ್ಲ ಗುಂಪಿನ ಛಾಯಾಚಿತ್ರವಾಗಿಬಿಡುತ್ತಾರೆ.

ಕೆಥೋಲಿಕ್ ಕನ್ಯಾಶಾಲೆಗಳ ವಿಷಯದಲ್ಲಿ ಈ ಮಾತು ಇನ್ನಷ್ಟು ಸತ್ಯ. ಇವುಗಳಲ್ಲಿ ಮಂಗಳೂರಿನ ಸಂತ ಆನ್ಸ್ ಕಾನ್ವೆಂಟಿನ ಶಾಲೆಯನ್ನು ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿದೆ. 1870ರಲ್ಲಿ ಹುಟ್ಟಿದ ಈ ಕಾನ್ವೆಂಟು 2020ಕ್ಕೆ ನೂರೈವತ್ತು ವರ್ಷಗಳನ್ನು ಪೂರೈಸಿತು. ಅದೇ ಸಭೆಯ ಸೋದರಿಯರು 1921ರಲ್ಲಿ ತೆರೆದ ಸಂತ ಆಗ್ನೆಸ್ ಕಾಲೇಜಿಗೆ 2021ರಲ್ಲಿ ನೂರು ತುಂಬಿತು. ಕನ್ನಡನಾಡಿನಲ್ಲಿ ಸ್ತ್ರೀವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರಾರೂ ಈ ಎರಡು ಸಂಸ್ಥೆಗಳನ್ನು ಬಿಟ್ಟು ಮುಂದೆ ಹೋಗಲಾರರು. ಅವುಗಳ ಸೇವೆ ದೊಡ್ಡದು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆ ಸೇವೆಯ ಕಥೆಯನ್ನು ಹೇಳುವ ರೂಢಿಯ ಕ್ರಮವೇ ನಮ್ಮ ಆಕ್ಷೇಪಣೆಗೆ ವಿಷಯ.

ರೂಢಿಯ ಕಥೆ ಹೀಗಿದೆ. ಸೋಫಿ ಲೀವ್ಸ್ ಎಂಬ ಆಂಗ್ಲ ಮಹಿಳೆ 1823ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಜನಿಸಿದಳು. ತಂದೆ ಆಂಗ್ಲಿಕನ್ ಪಾದ್ರಿ. ಮಗಳು 1850ರಲ್ಲಿ ಮಾಲ್ಟಾ ದ್ವೀಪದಲ್ಲಿ ಕೆಥೋಲಿಕ್ ಮತವನ್ನು ಸ್ವೀಕರಿಸಿ, ಸಂತ ಜೋಸೆಫರ ಸೋದರಿಯರ ಸಭೆಯೊಂದನ್ನು ಸೇರಿ, 1862ರಲ್ಲಿ ಕಲ್ಲಿಕೋಟೆಗೆ ಬಂದಳು. ಅಲ್ಲಿ ಆಕೆಗೆ ಪರಿಚಯವಾದವರು ಮರೀ ಎಫ್ರೆಂ ಎಂಬ ಫ್ರೆಂಚ್ ಕಾರ್ಮೆಲ್ ಸಂನ್ಯಾಸಿಗಳು. ಕಾರ್ಮೆಲಿನ ಧ್ಯಾನಜೀವನ, ಹೆಣ್ಣುಮಕ್ಕಳಿಗೆ ಪಾಠ ಹೇಳುವ ಕಾರ್ಯ, ಇವೆರಡನ್ನೂ ಒಂದುಗೂಡಿಸುವ ಹೊಸ ಸಭೆಯೊಂದು ಪಶ್ಚಿಮ ಕರಾವಳಿಗೆ ಬೇಕೆಂಬ ಯೋಚನೆ ಇವರಿಬ್ಬರದು. 1868ರ ಜುಲೈ 16ರಂದು ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಎಂಬ ಆ ಸಭೆ ಉದಯಿಸಿತು. ವೆರೋನಿಕಾ ಎಂಬ ಸಂನ್ಯಾಸನಾಮವನ್ನು ಧರಿಸಿದ್ದ ಸೋಫಿ ಲೀವ್ಸ್ ಅದರ ಸ್ಥಾಪಕಿ. 1870ರಲ್ಲಿ ಎಫ್ರೆಂ ಅವರು ಮಂಗಳೂರಿನ ಧರ್ಮಾಧಿಕಾರಿಗಳಾದರು. ಆ ವರ್ಷದ ನವೆಂಬರಿನಲ್ಲಿ ಮೂವರು ಸೋದರಿಯರು ಮರೀ ದೆಸಾಂಜ್ ಎಂಬವರ ನೇತೃತ್ವದಲ್ಲಿ ಮಂಗಳೂರನ್ನು ತಲಪಿದರು. ಬೆನ್ನಿಗೇ ಬಾಲಿಕೆಯರ ಪಾಠ ಆರಂಭವಾಯಿತು.

ಇಷ್ಟೂ ಸತ್ಯವೇ. ಅವರು ಫ್ರಾನ್ಸನ್ನು ಬಿಟ್ಟಾಗ ಪ್ರಷ್ಯಾದೊಡನೆ ಯುದ್ಧ ಹೊತ್ತಿ ಉರಿಯುತ್ತಿತ್ತು. ಸೂಯೆಜ್ ಕಾಲುವೆ ತೆರೆದು ಒಂದು ವರ್ಷವೂ ಆಗಿರಲಿಲ್ಲ. ಅದೇ ಯಾತ್ರೆಯಲ್ಲಿ ಆವೃತಿಯೊಳಗೆ ಬಾಳುವ ಕಾರ್ಮೆಲ್ ಸಂನ್ಯಾಸಿನಿಯರ ಇನ್ನೊಂದು ತಂಡವೂ ಮಂಗಳೂರಿನಲ್ಲಿ ಮಠವೊಂದನ್ನು ಸ್ಥಾಪಿಸಲೆಂದು ಹೊರಟಿತ್ತು. ಆ ತಂಡದ ಕೆಲವರು ಮಂಗಳೂರನ್ನು ಕಾಣುವ ಮೊದಲೇ ಮೃತರಾದರು. ಉಳಿದು ಬಂದವರಲ್ಲಿ ಗಲಿಲಾಯದ ಇಬಿಲ್ಲಿನ್ ಗ್ರಾಮದ ಮರಿಯಂ ಬವಾರ್ದಿ ಒಬ್ಬಳು. 1871ರ ನವೆಂಬರಿನಲ್ಲಿ ಮಂಗಳೂರಿನಲ್ಲಿಯೇ ಆಕೆ ವ್ರತಗಳನ್ನು ಸ್ವೀಕರಿಸಿದಳು. 1872ರಲ್ಲಿ ಫ್ರಾನ್ಸಿಗೆ ಹಿಂದಿರುಗಿದಳು. 2015ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಲಾಯಿತು. ಆ ಹಡಗಿನಲ್ಲಿ ಬಂದವರೊಳಗೆ ಲೋಕಪ್ರಸಿದ್ಧಳಾದ ಈ ಹೆಣ್ಣುಮಗಳು ಓದುಬರಹ ಬಲ್ಲವಳಾಗಿರಲಿಲ್ಲವೆಂಬುದು ಶಾಲೆಯ ಚರಿತ್ರೆಯನ್ನು ಓದುವಾಗ ನೆನಪಿಡತಕ್ಕ ಸಂಗತಿ. ಆಕೆ ಸೇರಿದ್ದುದು ಮಠಕ್ಕೆ, ಶಾಲೆಗಲ್ಲ. ಎರಡು ತಂಡಗಳನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಹೇಳುವುದರಿಂದ ಕಥೆಗೆ ಕಾಂತಿ ಬರುತ್ತದೆ. ಶಾಲೆಯ ಸ್ವರೂಪ ಮಾತ್ರ ಮಸುಕಾಗುತ್ತದೆ.

ಆದರೆ ಕಥೆ ಇಲ್ಲಿಗೇ ಕೃತಾರ್ಥವಾಗಿ, ಮುಂದಿನದೆಲ್ಲ ಈ ಬೀಜದಿಂದ ತಾನಾಗಿ ಮೊಳೆತು ಬೆಳೆದ ಮರವೆಂಬಂತೆ ನಿರೂಪಿತವಾಗುತ್ತದೆ. ಇದನ್ನು ಚರಿತ್ರೆಯ ವಿದ್ಯಾರ್ಥಿ ಒಪ್ಪುವಂತಿಲ್ಲ. ತೇದಿಗಳನ್ನೇ ನೋಡೋಣ. 1873ರಲ್ಲಿ ಧರ್ಮಾಧ್ಯಕ್ಷ ಎಫ್ರೆಂ ತೀರಿಕೊಂಡರು. ಅದೇ ವರ್ಷ ಬಯೋನಿನ ಮೂಲಗೃಹ ಮುಚ್ಚಿಹೋಯಿತು. ಸ್ಥಾಪಕಿ ವೆರೋನಿಕಾ 1870ರ ಯಾತ್ರೆಯಲ್ಲಿ ಬಂದವಳಲ್ಲ. ಬಯೋನ್ ಮುಚ್ಚಿದ ಮೇಲೆ ಆಕೆ ಪೋ ಪಟ್ಟಣದ ಕಾರ್ಮೆಲ್ ಮಠವನ್ನು ಸೇರಿ, 1906ರಲ್ಲಿ ಅಲ್ಲಿಯೇ ದೇಹವಿಟ್ಟಳು. ಎಂದರೆ ಶಾಲೆ ಹುಟ್ಟಿದ ಮೂರನೆಯ ವರ್ಷಕ್ಕೇ ಅದನ್ನು ಕರೆತಂದವರು ಇರಲಿಲ್ಲ, ಅದಕ್ಕೆ ಜನರನ್ನು ಕಳುಹಿಸಬೇಕಾಗಿದ್ದ ತವರೂ ಇರಲಿಲ್ಲ. ಇಂತಹ ಶಾಲೆ ಸಾಮಾನ್ಯವಾಗಿ ಐದನೆಯ ವರ್ಷವನ್ನು ಕಾಣುವುದಿಲ್ಲ. ಇದು ಕಂಡಿತು, ಮಾತ್ರವಲ್ಲ, ಮಲಬಾರಿನಲ್ಲಿಯೂ ಆಮೇಲೆ ದೇಶದ ಇತರ ಭಾಗಗಳಲ್ಲಿಯೂ ಶಾಖೆಗಳನ್ನು ಚಾಚಿತು. ಸಂಚಿಕೆಗಳ ಲೇಖಕರು ಇದನ್ನು ದೈವಾನುಗ್ರಹವೆಂದು ವಿವರಿಸುತ್ತಾರೆ. ಅದು ಭಕ್ತರ ಹಕ್ಕು. ಅದನ್ನು ನಾವು ಚರ್ಚಿಸುವುದಿಲ್ಲ. ಚರಿತ್ರೆಕಾರನಾದವನು ಅನುಗ್ರಹ ಯಾರ ಕೈಗಳ ಮೂಲಕ ಬಂದಿತೆಂದು ಕೇಳಲೇಬೇಕು.

ಆ ಕೈಗಳು ಊರಿನವೇ. ಮೂಲಗೃಹ ಮುಚ್ಚಿದ ಮೇಲೆ ಸಭೆಯ ಬೆಳವಣಿಗೆಗೆ ಈ ದೇಶದಲ್ಲಿ ಸೇರಿದ ಹೆಣ್ಣುಮಕ್ಕಳೇ ಆಧಾರವಾಗಬೇಕಾಯಿತು. ಆಂಗ್ಲೋ-ಇಂಡಿಯನ್ ಮನೆತನಗಳಿಂದಲೂ ಮಂಗಳೂರಿನ ಕೊಂಕಣಿ ಕೆಥೋಲಿಕ್ ಮನೆತನಗಳಿಂದಲೂ ಹಾಗೆ ಬಂದವರ ಸಾಲು ಇಂದಿನವರೆಗೆ ಸಾಗಿದೆ. ಈ ಕೊಂಕಣಿ ಸಮಾಜದ ಹಿನ್ನೆಲೆಯನ್ನು ಮರೆಯಲಾಗದು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದ ಜನ 1799ರ ಅನಂತರ ಹಿಂದಿರುಗಿ, ಕಳೆದುಕೊಂಡ ಭೂಮಿಕಾಣಿಗಳನ್ನು ಮತ್ತೆ ಕೂಡಿಸಿಕೊಂಡು, ಮೂರು ತಲೆಮಾರುಗಳೊಳಗೆ ವಕೀಲಿ, ಗುಮಾಸ್ತಿಕೆ, ಕಾಫಿತೋಟ, ವ್ಯಾಪಾರಗಳಲ್ಲಿ ತಲೆಯೆತ್ತಿದ್ದರು. 1870ರ ದಶಕದಲ್ಲಿ ಗಂಡುಮಕ್ಕಳ ಉಚ್ಚಶಿಕ್ಷಣಕ್ಕಾಗಿ ಜೆಸುಯಿಟರನ್ನು ಕಳುಹಿಸಬೇಕೆಂದು ರೋಮಿಗೆ ಮನವಿ ಸಲ್ಲಿಸಿದವರು ಇದೇ ಗೃಹಸ್ಥರು. ಜೆಸುಯಿಟರು ಬಂದುದು 1878ರ ಡಿಸೆಂಬರಿನ ಕೊನೆಯ ದಿನ. ಸಂತ ಅಲೋಶಿಯಸ್ ಕಾಲೇಜು ತೆರೆದುದು 1880ರಲ್ಲಿ. ಹೆಣ್ಣುಮಕ್ಕಳ ಕಾನ್ವೆಂಟು ಅದಕ್ಕೆ ಹತ್ತು ವರ್ಷ ಹಿರಿಯದು. ಗಂಡುಮಕ್ಕಳ ಕಾಲೇಜಿಗೆ ಊರವರು ಅರ್ಜಿ ಬರೆದರೆಂಬುದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಹೆಣ್ಣುಮಕ್ಕಳ ಶಾಲೆಯನ್ನು ಊರವರು ಉಳಿಸಿಕೊಂಡರೆಂದು ಮಾತ್ರ ಯಾರೂ ಬರೆಯುವುದಿಲ್ಲ. ಪ್ರತಿ ತಿಂಗಳೂ ಶುಲ್ಕ ತೆತ್ತ ತಂದೆ, ಮನೆಗೆಲಸಕ್ಕೆ ಕೈಯೊಂದು ಕಡಮೆಯಾದರೂ ಮಗಳನ್ನು ಕಳುಹಿಸಿದ ತಾಯಿ, ಇವರ ಸಮ್ಮತಿಯಿಲ್ಲದೆ ಯಾವ ಕನ್ಯಾಶಾಲೆಯೂ ಒಂದು ವರ್ಷ ನಡೆಯದು.

ಸರ್ಕಾರದ ಪಾತ್ರವನ್ನೂ ಇಲ್ಲಿಯೇ ಹೇಳಿಬಿಡುವುದು ಮೇಲು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಚಾರ್ಲ್ಸ್ ವುಡ್ಡನ 1854ರ ನಿರೂಪ ಮಿಷನ್ ಶಾಲೆಗಳಿಗೂ ಅನುದಾನದ ಬಾಗಿಲನ್ನು ತೆರೆದು, ಸ್ತ್ರೀಶಿಕ್ಷಣಕ್ಕೆ ವಿಶೇಷ ಬೆಂಬಲವನ್ನು ಸೂಚಿಸಿತು. ಪರೀಕ್ಷೆಯ ಫಲಿತಾಂಶವನ್ನು ನೋಡಿ ಹಣ ಕೊಡುವ ಪದ್ಧತಿ ಮದರಾಸಿನಲ್ಲಿ ಬಹುಕಾಲ ನಡೆಯಿತು. ಕಾನ್ವೆಂಟ್ ಶಾಲೆಗಳ ಶಿಸ್ತು, ಹಾಜರಿಯ ಕಟ್ಟುನಿಟ್ಟು, ಹೊಲಿಗೆಯ ತರಗತಿ ಇವನ್ನೆಲ್ಲ ಸಂನ್ಯಾಸಿನಿಯರ ಶೀಲಕ್ಕೇ ಸಲ್ಲಿಸುವವರು ಇನ್‌ಸ್ಪೆಕ್ಟರರ ಭೇಟಿಯ ದಿನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ಗೋಡೆಯ ವಿಚಾರ. ಕಾನ್ವೆಂಟ್ ಶಾಲೆಯ ಸಂಪ್ರದಾಯಗಳೆಂದರೆ ಜನರ ಕಣ್ಣಿಗೆ ಮೊದಲು ಕಟ್ಟುವುದು ಅದರ ಎತ್ತರದ ಪಾಗಾರ, ಮುಚ್ಚಿದ ಗೇಟು, ಭೇಟಿಯ ಕೋಣೆ, ಮೌನದ ಗಂಟೆ. ಸ್ಮರಣಸಂಚಿಕೆಗಳು ಇವನ್ನು ಪಾವಿತ್ರ್ಯದ ಲಕ್ಷಣಗಳೆಂದು ಹೊಗಳುತ್ತವೆ. ನಮ್ಮ ಕಾಲದ ಕೆಲವು ಟೀಕಾಕಾರರು ಇವನ್ನು ಸೆರೆಮನೆಯ ಲಕ್ಷಣಗಳೆಂದು ಹಳಿಯುತ್ತಾರೆ. ಇಬ್ಬರೂ ಗೋಡೆಯ ಚರಿತ್ರೆಯನ್ನು ಕೇಳಲೊಲ್ಲರು. ಕೆಥೋಲಿಕ್ ಸಂನ್ಯಾಸಿನಿಯರಿಗೆ ಆವೃತಿ ಕಡ್ಡಾಯವೆಂಬ ಶಾಸನವನ್ನು ಎಂಟನೆಯ ಬೋನಿಫೇಸ್ ಪೋಪರು 1298ರಲ್ಲಿ ಹೊರಡಿಸಿದರು. ಟ್ರೆಂಟ್ ಮಹಾಸಭೆ 1563ರಲ್ಲಿ ಅದನ್ನು ಬಿಗಿಗೊಳಿಸಿತು. ಯಾರ್ಕ್‌ಷೈರಿನ ಮೇರಿ ವಾರ್ಡ್ ಎಂಬಾಕೆ ಗೋಡೆಯಿಲ್ಲದೆ ಹೆಣ್ಣುಮಕ್ಕಳಿಗೆ ಪಾಠ ಹೇಳುವ ಸಭೆಯೊಂದನ್ನು ಕಟ್ಟಿದಾಗ 1631ರಲ್ಲಿ ರೋಮ್ ಅದನ್ನು ರದ್ದುಪಡಿಸಿತು. ಆಕೆಯನ್ನೂ ಮ್ಯೂನಿಕ್ಕಿನಲ್ಲಿ ಕೆಲಕಾಲ ಬಂಧನದಲ್ಲಿಟ್ಟರು. ಸರಳವ್ರತದ ಬೋಧಕ ಸಭೆಗಳಿಗೆ ರೋಮಿನ ಸ್ಪಷ್ಟ ಮಾನ್ಯತೆ ದೊರೆತುದು 1900ರಲ್ಲಿ. ಸಂತ ಆನ್ಸ್ ಹುಟ್ಟಿದ 1870ರಲ್ಲಿ ಈ ವಾದ ಇನ್ನೂ ತೀರಿರಲಿಲ್ಲ. ಧ್ಯಾನವೋ ಪಾಠವೋ, ಮಠವೋ ಶಾಲೆಯೋ ಎಂಬ ತೂಗಾಟ ಅಪೋಸ್ತಲಿಕ್ ಕಾರ್ಮೆಲ್ ಎಂಬ ಹೆಸರಿನಲ್ಲಿಯೇ ಇದೆ. ಸ್ಥಾಪಕಿ ಕೊನೆಗೆ ಆವೃತಿಯ ಮಠವನ್ನೇ ಸೇರಿದಳೆಂಬುದನ್ನು ಈ ಬೆಳಕಿನಲ್ಲಿ ಓದಬೇಕು.

ಈ ಗೋಡೆ ಮಂಗಳೂರಿಗೆ ಬಂದಾಗ ಅದರ ಅರ್ಥ ಬದಲಾಯಿತೆಂದು ನಮ್ಮ ಅಭಿಪ್ರಾಯ. ಯೂರೋಪಿನಲ್ಲಿ ಅದು ಸಂನ್ಯಾಸಿನಿಯನ್ನು ಲೋಕದಿಂದ ಬೇರ್ಪಡಿಸಲು ಹುಟ್ಟಿದುದು. ಇಲ್ಲಿ ಅದು ಮನೆಯ ಹೆಣ್ಣುಮಗಳನ್ನು ಬೀದಿಗೆ ತರುವುದಕ್ಕೆ ಸಾಧನವಾಯಿತು. ಮಗಳು ಹೊಸ್ತಿಲು ದಾಟಿದರೂ ಇನ್ನೊಂದು ಹೊಸ್ತಿಲಿನೊಳಗೇ ಇರುತ್ತಾಳೆ, ಅಲ್ಲಿ ಗಂಡಸರ ಸುಳಿವಿಲ್ಲ, ನೋಡಿಕೊಳ್ಳುವವರು ವ್ರತಸ್ಥೆಯರು ಎಂಬ ಭರವಸೆ ಇದ್ದುದರಿಂದಲೇ ಮಾನಮರ್ಯಾದೆಗೆ ಅಂಜುವ ಮನೆತನಗಳು ಕಳುಹಿಸಿದುವು. ಕ್ರೈಸ್ತರಲ್ಲದವರ ವಿಷಯದಲ್ಲಿ ಈ ಭರವಸೆಯ ತೂಕ ಇನ್ನೂ ಹೆಚ್ಚು. ಮತಾಂತರದ ಭಯವನ್ನು ಅದು ಪೂರ್ಣ ತೊಡೆಯಲಿಲ್ಲ; ಕೆಥೋಲಿಕ್ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ನೀತಿಬೋಧೆ ಎಂಬ ವಿಭಾಗ ಕಾನ್ವೆಂಟ್ ಶಾಲೆಗಳಲ್ಲಿ ನೆಲೆಗೊಂಡುದಕ್ಕೆ ಈ ಭಯವೂ ಒಂದು ಕಾರಣ. ಆದ್ದರಿಂದ ಗೋಡೆಯನ್ನು ಊರೂ ಕಾನ್ವೆಂಟೂ ಮಾಡಿಕೊಂಡ ಒಪ್ಪಂದವೆಂದು ಕಾಣುವುದು ಯುಕ್ತ. ಅದಕ್ಕೆ ಬೆಲೆಯೂ ಇತ್ತು. ಒಳಗೆ ಕಲಿತದ್ದನ್ನು ಹೊರಗೆ ಬಳಸುವ ದಾರಿಗಳಲ್ಲಿ ಅಧ್ಯಾಪಕಿಯ ವೃತ್ತಿ, ಸಂನ್ಯಾಸ, ವಿವಾಹ ಈ ಮೂರೇ ಬಹುಕಾಲ ತೆರೆದಿದ್ದುವು. ಗೋಡೆಯನ್ನು ಒಪ್ಪಿದ ಊರು ನಾಲ್ಕನೆಯದನ್ನು ಸುಲಭವಾಗಿ ಒಪ್ಪಲಿಲ್ಲ.

ಬೋರ್ಡಿಂಗ್ ಮನೆಯನ್ನು ಕುರಿತು ಒಂದು ಮಾತು. ವಸತಿಶಾಲೆ ಯೂರೋಪಿನ ಅನುಕರಣವೆಂದು ಹೇಳುವ ಪದ್ಧತಿಯಿದೆ. ಮಂಗಳೂರಿನ ಭೂಗೋಳವನ್ನು ಬಲ್ಲವರು ಹೀಗೆ ಹೇಳರು. ರೈಲು ಮಂಗಳೂರಿಗೆ ಬಂದುದು 1907ರಲ್ಲಿ. ಅದಕ್ಕೆ ಮೊದಲು ತೆಂಕಣಿಂದ ಬರುವವರು ನೇತ್ರಾವತಿಯನ್ನೂ ಬಡಗಣಿಂದ ಬರುವವರು ಗುರುಪುರ ಹೊಳೆಯನ್ನೂ ದೋಣಿಯಲ್ಲಿ ದಾಟಬೇಕು. ಮಳೆಗಾಲದ ನಾಲ್ಕು ತಿಂಗಳು ಹೊಳೆಗಳ ಸ್ಥಿತಿ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಶಾಲೆಯ ವರ್ಷ ಆರಂಭವಾಗುವುದೂ ಆ ದಿನಗಳಲ್ಲಿಯೇ. ಕಾಪು, ಮೂಲ್ಕಿಯ ಹುಡುಗಿಯಾದರೂ ಮಂಗಳೂರಿನಲ್ಲಿ ಓದಬೇಕಾದರೆ ಅಲ್ಲಿಯೇ ಉಳಿಯದೆ ವಿಧಿಯಿರಲಿಲ್ಲ.

ಮಳೆಯ ಮಾತು ಬಂದುದರಿಂದ ಹಬ್ಬಗಳ ಮಾತನ್ನೂ ಇಲ್ಲಿಯೇ ಎತ್ತಬಹುದು. ಕಾರ್ಮೆಲ್ ಮಾತೆಯ ಹಬ್ಬ ಜುಲೈ 16ಕ್ಕೆ. ಸಂತ ಆನ್ನಾ ಅವರ ಹಬ್ಬ ಜುಲೈ 26ಕ್ಕೆ. ಫ್ರಾನ್ಸಿನಲ್ಲಿ ಅದು ಬಿಸಿಲುಗಾಲ, ಹೂವಿನ ಕಾಲ, ಬೀದಿಯಲ್ಲಿ ಮೆರವಣಿಗೆ ಹೊರಡಲು ಯೋಗ್ಯವಾದ ಕಾಲ. ತುಳುನಾಡಿನಲ್ಲಿ ಅದು ಆಟಿ ತಿಂಗಳ ಆಸುಪಾಸು. ಮಳೆ ಹಗಲಿರುಳೂ ಹಿಡಿದಿರುತ್ತದೆ, ಮದುವೆ ಮುಂಜಿಗಳಿಲ್ಲ, ಜನ ಮನೆಯೊಳಗೇ ಇರುತ್ತಾರೆ. ಯೂರೋಪಿನ ಕಾನ್ವೆಂಟುಗಳು ಮಾತೆ ಮರಿಯಳಿಗೆ ಮೀಸಲಿಟ್ಟ ಮೇ ತಿಂಗಳು ಇಲ್ಲಿ ಬೇಸಗೆಯ ರಜೆ. ಶಾಲೆಯಲ್ಲಿ ಮಕ್ಕಳೇ ಇರುವುದಿಲ್ಲ. ಹೀಗಾಗಿ ಪಂಚಾಂಗವನ್ನು ಹಡಗಿನಲ್ಲಿ ತಂದರೂ ಋತುವನ್ನು ತರಲಾಗಲಿಲ್ಲ. ಮಂಗಳೂರಿನ ಕೆಥೋಲಿಕ್ ಮಕ್ಕಳು ನಿಜವಾಗಿ ಹೂ ಹಿಡಿದು ಹೋಗುವುದು ಸೆಪ್ಟೆಂಬರಿನಲ್ಲಿ, ಮಳೆ ಇಳಿಮುಖವಾಗಿ ತೆನೆ ಮೂಡುವಾಗ, ಮೊಂತಿ ಹಬ್ಬಕ್ಕೆ. ಒಂಬತ್ತು ದಿನ ಹೂವರ್ಪಿಸಿ, 8ನೆಯ ತಾರೀಕಿನಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು ಹೊಸ ಅಕ್ಕಿಯ ಊಟಮಾಡುವ ಈ ಹಬ್ಬ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಗೆ ಸಂಬಂಧಿಸಿದುದು. ಕಾನ್ವೆಂಟಿಗಿಂತ ಹಳೆಯದು, ಹುತ್ತರಿ ತೆನೆಹಬ್ಬಗಳ ನಂಟುಳ್ಳದ್ದು. ಶಾಲೆಯ ಸಂಪ್ರದಾಯವೆಂದು ನಾವು ಪಟ್ಟಿಮಾಡುವುದರಲ್ಲಿ ಹುಡುಗಿಯರು ಮನೆಯಿಂದ ತಂದುದು ಎಷ್ಟು, ಸೋದರಿಯರು ಫ್ರಾನ್ಸಿನಿಂದ ತಂದುದು ಎಷ್ಟು ಎಂದು ಬೇರ್ಪಡಿಸಿ ನೋಡಿದವರು ವಿರಳ. ಬೇರ್ಪಡಿಸಿದರೆ ಮನೆಯ ಪಾಲು ಹೆಚ್ಚೆಂದು ಕಾಣುವುದೆಂಬುದು ನಮ್ಮ ನಂಬಿಕೆ.

ಭಾಷೆಯ ಪ್ರಶ್ನೆಯಲ್ಲಿ ಸಂಚಿಕೆಗಳ ಮೌನ ಇನ್ನೂ ಗಾಢವಾದುದು. ಮನೆಯಲ್ಲಿ ಕೊಂಕಣಿ, ಅಂಗಡಿಬೀದಿಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ, ಕಾನ್ವೆಂಟಿನಲ್ಲಿ ಇಂಗ್ಲಿಷು, ಪ್ರಾರ್ಥನೆಯಲ್ಲಿ ಲ್ಯಾಟಿನು: ಒಬ್ಬಳೇ ಹುಡುಗಿ ಒಂದೇ ದಿನದಲ್ಲಿ ಐದು ಭಾಷೆಗಳ ನಡುವೆ ಓಡಾಡುತ್ತಿದ್ದಳು. ಇದರಲ್ಲಿ ಇಂಗ್ಲಿಷಿನ ಗಳಿಕೆಯನ್ನು ಮಾತ್ರ ಎಣಿಸುವುದು ವಾಡಿಕೆ. ನಮಗೆ ಹೆಚ್ಚು ಮಹತ್ತ್ವದ್ದೆಂದು ತೋರುವ ಸಂಗತಿ ಬೇರೆ. ಮಂಗಳೂರಿನ ಕೊಂಕಣಿಗೆ ಲಿಪಿ ಕನ್ನಡ. 1912ರಲ್ಲಿ 'ಕೊಂಕಣಿ ದಿರ್ವೆಂ', 1938ರಲ್ಲಿ 'ರಾಕ್ಣೊ' ಹೊರಟಾಗ ಅವು ಕನ್ನಡ ಅಕ್ಷರಗಳಲ್ಲಿಯೇ ಅಚ್ಚಾದುವು. ಅವನ್ನು ಮನೆಯಲ್ಲಿ ಓದಿದ ಹೆಂಗಸರಿಗೆ ಆ ಅಕ್ಷರಗಳು ಬಂದುದು ಶಾಲೆಯ ಕನ್ನಡ ತರಗತಿಯಿಂದ. ಕನ್ನಡವನ್ನು ಎರಡನೆಯ ಭಾಷೆಯೆಂದು ಅಲಕ್ಷ್ಯದಿಂದ ಕಲಿತ ಹುಡುಗಿಯೂ ತನಗರಿವಿಲ್ಲದೆಯೇ ಕೊಂಕಣಿಯ ಓದುಗಳಾಗಿ ಹೊರಬಂದಳು. ಆ ತರಗತಿಯನ್ನು ನಡೆಸಿದವರಲ್ಲಿ ಸೋದರಿಯರಲ್ಲದ ಸಾಮಾನ್ಯ ಅಧ್ಯಾಪಕಿಯರೂ ಪಂಡಿತರೂ ಇದ್ದರು. ಗೌರವಪಟ್ಟಿಗಳಲ್ಲಿ ಮುಖ್ಯೋಪಾಧ್ಯಾಯಿನಿಯರ ಹೆಸರು ವರ್ಷಸಹಿತ ಕೆತ್ತಿರುತ್ತದೆ. ಕನ್ನಡ ಪಂಡಿತರ ಹೆಸರಿಗೆ ಅಲ್ಲಿ ಸ್ಥಳವಿರುವುದು ಅಪರೂಪ. ಆಧುನಿಕ ಕೊಂಕಣಿಯ ಸ್ತ್ರೀವಾಚಕವರ್ಗ ಹೇಗೆ ಹುಟ್ಟಿತೆಂಬ ಸಾಹಿತ್ಯಚರಿತ್ರೆಯ ಪ್ರಶ್ನೆಗೆ ಉತ್ತರ ಈ ಅಲಕ್ಷಿತರ ತರಗತಿಗಳಲ್ಲಿದೆ.

ಇಂಗ್ಲಿಷ್ ಶಾಲೆಗೂ ದೇಶಭಾಷೆಯ ಶಾಲೆಗೂ ಇದ್ದ ಅಂತರ ಸಮಾಜದ ಅಂತರವೂ ಆಗಿತ್ತು. ಇದು ಮಂಗಳೂರಿಗೆ ಮಾತ್ರ ಸೀಮಿತವಲ್ಲ. ಮೇರಿ ವಾರ್ಡಳ ಪರಂಪರೆಗೆ ಸೇರಿದ ಲೊರೆಟೊ ಸೋದರಿಯರು ಕಲ್ಕತ್ತೆಯಲ್ಲಿ 1842ರಲ್ಲಿ ತೆರೆದ ಲೊರೆಟೊ ಹೌಸ್ ಶ್ರೀಮಂತರ ಇಂಗ್ಲಿಷ್ ಶಾಲೆಯಾಗಿ ಖ್ಯಾತಿ ಪಡೆಯಿತು. ಅದೇ ಸೋದರಿಯರ ಎಂಟಾಲಿಯ ಆವರಣದಲ್ಲಿ ಬಂಗಾಳಿ ಮಾಧ್ಯಮದ ಸಂತ ಮೇರಿ ಶಾಲೆಯೂ ಇತ್ತು. ಮುಂದೆ ಮದರ್ ತೆರೇಸಾ ಎಂದು ಹೆಸರಾದ ಸೋದರಿ 1948ರವರೆಗೆ ಪಾಠ ಹೇಳಿದುದು ಆ ಬಂಗಾಳಿ ಶಾಲೆಯಲ್ಲಿ. ಮಂಗಳೂರಿನಲ್ಲಿ ಈ ಅಂತರ ಒಂದೇ ವರ್ಷದಲ್ಲಿ, ಒಂದೇ ಬೆಂದೂರಿನಲ್ಲಿ ಎದುರುಬದುರಾಗಿ ನಿಂತಿತು. 1921ರಲ್ಲಿ ಮದರ್ ಅಲೋಶಿಯಾ ಅವರು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ ಸಂತ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆದರು. ಅದೇ ವರ್ಷದ ಜುಲೈ 16ರಂದು, ಅದೇ ಕಾರ್ಮೆಲ್ ಮಾತೆಯ ಹಬ್ಬದ ದಿನ, ಬೆಂದೂರಿನ ವಿಚಾರಣಾಗುರು ರೇಮಂಡ್ ಮಸ್ಕರೇನಸರು ಸ್ಥಳೀಯ ಯುವತಿಯರನ್ನು ಕೂಡಿಸಿ ಬೆಥನಿ ಸಭೆಯನ್ನು ಸ್ಥಾಪಿಸಿದರು. ಹಳ್ಳಿಯ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದು ಅವರ ಉದ್ದೇಶ. ಒಂದು ಪದವಿಯತ್ತ ಮುಖಮಾಡಿತು, ಇನ್ನೊಂದು ಹಳ್ಳಿಯತ್ತ. ಕಾನ್ವೆಂಟ್ ಶಾಲೆ ಐವತ್ತು ವರ್ಷಗಳಲ್ಲಿ ಏನನ್ನು ಸಾಧಿಸಿತ್ತೆಂಬುದಕ್ಕೆ ಮೊದಲನೆಯದು ಸಾಕ್ಷಿ. ಏನನ್ನು ಮುಟ್ಟಿರಲಿಲ್ಲವೆಂಬುದಕ್ಕೆ ಎರಡನೆಯದು ಸಾಕ್ಷಿ. ಎರಡೂ ಸಂಸ್ಥೆಗಳ ಶತಮಾನೋತ್ಸವ 2021ರಲ್ಲಿಯೇ ನಡೆಯಿತು. ಒಂದರ ಚರಿತ್ರೆಯನ್ನು ಇನ್ನೊಂದರೊಡನೆ ಇಟ್ಟು ಓದದಿದ್ದರೆ ಎರಡೂ ಅರ್ಧಚರಿತ್ರೆಗಳೇ.

ಊರಿನಲ್ಲಿ ಬೇರೆ ಪ್ರಯತ್ನಗಳೂ ಇದ್ದುವು. ಬಾಸೆಲ್ ಮಿಷನ್ 1834ರಿಂದಲೇ ಮಂಗಳೂರಿನಲ್ಲಿದ್ದು ಕನ್ನಡದ ಮೂಲಕ ಕಲಿಸುತ್ತಿತ್ತು. ಥಿಯಾಸಫಿಸ್ಟರ ಪ್ರೇರಣೆಯಿಂದ 1918ರಲ್ಲಿ ಬೆಸೆಂಟ್ ಕನ್ಯಾಶಾಲೆ ಆರಂಭವಾಯಿತು. ಕಾನ್ವೆಂಟಿನ ಚರಿತ್ರೆಗಳು ಇವನ್ನು ಹೆಸರಿಸುವುದೇ ಇಲ್ಲ. ಇವುಗಳ ಚರಿತ್ರೆಗಳೂ ಕಾನ್ವೆಂಟನ್ನು ಹೆಸರಿಸುವುದಿಲ್ಲ. ಒಂದೇ ಪೇಟೆಯ ಶಾಲೆಗಳು ಒಂದನ್ನೊಂದು ನೋಡದೆ ಬೆಳೆದುವೆಂಬುದನ್ನು ನಂಬುವುದು ಕಷ್ಟ.

ಹೀಗಿರಲು ಮುಂದಿನ ಕೆಲಸಕ್ಕೆ ಆಧಾರ ಯಾವುದು? ಸ್ಥಾಪಕರ ಪತ್ರಗಳಿಗೆ ಭಕ್ತಿಯಿಂದ ಕಾವಲಿದೆ. ವೆರೋನಿಕಾ ಅವರನ್ನು 2014ರಲ್ಲಿ ರೋಮ್ ಪೂಜ್ಯರೆಂದು ಘೋಷಿಸಿದ ಮೇಲೆ ಅವುಗಳಿಗೆ ಅಪಾಯವೇನೂ ಇಲ್ಲ. ಅಪಾಯವಿರುವುದು ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳಿಗೆ. ಹೆಸರು, ತಂದೆಯ ಹೆಸರು, ಅವನ ವೃತ್ತಿ, ಜಾತಿಮತ, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ: ಇಂತಹ ಅಂಕಣಗಳ ಉದ್ದನೆಯ ಪುಸ್ತಕವನ್ನು ಯಾವ ಸ್ಮರಣಸಂಚಿಕೆಯೂ ತೆರೆದು ಎಣಿಸಿದಂತೆ ಕಾಣದು. ತಾಯಿಯ ಹೆಸರಿಗೆ ಹಳೆಯ ಪುಸ್ತಕಗಳಲ್ಲಿ ಅಂಕಣವೇ ಇರುತ್ತಿರಲಿಲ್ಲವೆಂಬುದೂ ಒಂದು ಪ್ರಮಾಣವೇ. ಮಂಗಳೂರಿನ ಕೆಥೋಲಿಕರಲ್ಲಿ ಬಾಮಣ, ಚಾರೊಡಿ, ಶುದಿರ್ ಎಂಬ ಭೇದಗಳು ಮತಾಂತರದ ಅನಂತರವೂ ಉಳಿದುವು. ಒಂದೇ ಬೆಂಚಿನಲ್ಲಿ ಯಾರು ಯಾರು ಕುಳಿತರು, ಬೋರ್ಡಿಂಗಿಗೆ ಯಾರು ಬಂದರು, ಧರ್ಮಾರ್ಥ ಶಾಲೆಗೆ ಯಾರು ಹೋದರು ಎಂಬುದನ್ನು ವೃತ್ತಿ ಮತ್ತು ಜಾತಿಯ ಅಂಕಣಗಳೇ ಹೇಳಬೇಕು. ಸಮಾನತೆಯನ್ನು ಕುರಿತ ಭಾಷಣಗಳು ಹೇಳಲಾರವು.

'ಬಿಟ್ಟ ಕಾರಣ'ದ ಅಂಕಣ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅಲ್ಲಿ ವಿವಾಹ ಎಂದು ಬರೆದಿರುವೆಡೆಗಳಲ್ಲಿ ಹುಡುಗಿಯ ವಯಸ್ಸನ್ನು ಲೆಕ್ಕಹಾಕಬಹುದು. ಕೆಥೋಲಿಕ್ ಧರ್ಮಶಾಸನ ಹೆಣ್ಣಿನ ವಿವಾಹದ ಕನಿಷ್ಠ ವಯಸ್ಸನ್ನು 12ರಿಂದ 14ಕ್ಕೆ ಏರಿಸಿದುದು 1917ರ ಸಂಹಿತೆಯಲ್ಲಿ. ಅದು 1918ರಲ್ಲಿ ಜಾರಿಗೆ ಬಂದಿತು. ಶಾರದಾ ಶಾಸನ ಬ್ರಿಟಿಷ್ ಇಂಡಿಯಾದ ಎಲ್ಲರಿಗೂ ಅದೇ 14ನ್ನು ವಿಧಿಸಿದುದು 1929ರಲ್ಲಿ. ಅದು 1930ರಿಂದ ಆಚರಣೆಗೆ ಬಂದಿತು. ಒಂದೇ ಶಾಲೆಯಲ್ಲಿ ಕೆಥೋಲಿಕ್ ಹುಡುಗಿಯರೂ ಇತರ ಹುಡುಗಿಯರೂ ಓದುತ್ತಿದ್ದುದರಿಂದ, ಶಾಲೆ ಬಿಡುವ ವಯಸ್ಸು ಯಾವ ವರ್ಷದಿಂದ ಯಾರಲ್ಲಿ ಏರಿತೆಂದು ಹೋಲಿಸಿ ನೋಡಲು ಇದಕ್ಕಿಂತ ಉತ್ತಮವಾದ ಸಾಮಗ್ರಿ ಬೇರೆ ದೊರೆಯದು. ವಯಸ್ಸು ಶಾಸನಕ್ಕೆ ಮೊದಲೇ ಏರಿದ್ದರೆ ಅದು ಶಾಲೆಯ ಕೆಲಸ. ಶಾಸನದ ಅನಂತರ ಏರಿದ್ದರೆ ಶಾಲೆಯ ಪಾಲನ್ನು ಅಷ್ಟರಮಟ್ಟಿಗೆ ತಗ್ಗಿಸಿ ಹೇಳಬೇಕಾಗುತ್ತದೆ. ಯಾವ ಉತ್ತರ ಬಂದರೂ ಕಾನ್ವೆಂಟಿನ ಸೇವೆಯನ್ನು ಹೊಗಳುವವರೂ ತೆಗಳುವವರೂ ತಮ್ಮ ಮಾತುಗಳನ್ನು ತಿದ್ದಿಕೊಳ್ಳಬೇಕಾಗುವುದು.

ಕರಾವಳಿಯ ತೇವದಲ್ಲಿ ಕಾಗದ ಬಹುಕಾಲ ನಿಲ್ಲದು. ಗೆದ್ದಲೂ ಬೆಳ್ಳಿಮೀನೂ ಕಾಯುವುದಿಲ್ಲ. ಕಟ್ಟಡಗಳನ್ನು ನವೀಕರಿಸುವ ಪ್ರತಿಯೊಂದು ಉತ್ಸವದಲ್ಲಿಯೂ ಹಳೆಯ ಕಪಾಟುಗಳು ಖಾಲಿಯಾಗುತ್ತವೆ. ಈ ಪುಸ್ತಕಗಳ ಪಟ್ಟಿಯೊಂದನ್ನು ತಯಾರಿಸಿ, ಛಾಯಾಪ್ರತಿಗಳನ್ನು ತೆಗೆದಿಡುವುದು ಎರಡು ಬೇಸಗೆ ರಜೆಗಳಲ್ಲಿ ಮುಗಿಯಬಹುದಾದ ಕೆಲಸ. ಇಂಗ್ಲಿಷಿನ ಜತೆಗೆ ಕನ್ನಡದ ಹಳೆಯ ಕೈಬರಹವನ್ನು ಓದಬಲ್ಲ, ಮನೆಯಲ್ಲಿ ಕೊಂಕಣಿ ಅಥವಾ ತುಳು ಆಡುವ ಇಬ್ಬರು ಮೂವರು ವಿದ್ಯಾರ್ಥಿನಿಯರು ಇದಕ್ಕೆ ಸಾಕು. ಮೊದಲು ಕೈಗೆತ್ತಿಕೊಳ್ಳಬೇಕಾದುದು 1918ರಿಂದ 1930ರವರೆಗಿನ ಪುಸ್ತಕಗಳು.